ಹ್ಯಾಂಗರಿನ ರಾತ್ರಿ ಪಾಳಿ: ವಿಮಾನ ನಿರ್ವಹಣೆಯಲ್ಲಿ ಸುರಕ್ಷತಾ ಚಿಂತನೆ ನಡೆದುಬಂದ ದಾರಿ

ವಿಮಾನ ನಿರ್ವಹಣೆಯ ಸುರಕ್ಷತೆ ಎಂದರೆ ಈಗ ಕೆಂಪು, ಹಳದಿ, ಹಸಿರು ಚೌಕಗಳ ಒಂದು ಪಟ್ಟಿ. ಈ ಚೌಕಗಳನ್ನು ತುಂಬುವ ಹೊಸಬರಲ್ಲಿ ಹಲವರು, ಸೇಫ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅಥವಾ ಎಸ್‌ಎಂಎಸ್ ನಿಯಮವಾಗಿ ಬಂದ ದಿನವೇ ಈ ವಿದ್ಯೆ ಹುಟ್ಟಿತೆಂದು ತಿಳಿದಿದ್ದಾರೆ. ಮೂರು ದಶಕ ಹ್ಯಾಂಗರಿನಲ್ಲಿ ದುಡಿದ ನನಗೆ ಇದನ್ನು ಕೇಳಿಕೊಂಡು ಸುಮ್ಮನಿರಲು ಆಗುತ್ತಿಲ್ಲ.

ಮೊದಲ ಅರ್ಧ ಶತಮಾನದ ಸೂತ್ರ ಸರಳವಾಗಿತ್ತು: ಬಿಚ್ಚು, ನೋಡು, ಬದಲಿಸು, ಸಹಿ ಹಾಕು. ರೈಟ್ ಸಹೋದರರ ಎಂಜಿನ್ ಕಟ್ಟಿದ ಚಾರ್ಲಿ ಟೇಲರ್ ದುಡಿದದ್ದು ಹಾಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕದ ಯುದ್ಧವಿಮಾನಗಳನ್ನು ದುರಸ್ತಿ ಮಾಡಿದ ನಮ್ಮ ಹಿರಿಯರೂ ಹಾಗೆಯೇ ದುಡಿದರು. 1978ರಲ್ಲಿ ನೋಲನ್ ಮತ್ತು ಹೀಪ್ ಎಂಬಿಬ್ಬರು, ವಿಮಾನದ ಬಹುಪಾಲು ಭಾಗಗಳು ಇಂತಿಷ್ಟು ಗಂಟೆಗೆ ಸವೆಯುತ್ತವೆ ಎಂಬ ಲೆಕ್ಕವೇ ತಪ್ಪು ಎಂದು ತೋರಿಸಿದರು. ದೊಡ್ಡ ಮಾತೇ. ಆದರೆ ಅದು ಯಂತ್ರದ ಮಾತು. ಯಂತ್ರವನ್ನು ಬಿಚ್ಚುವವನ ಕಡೆಗೆ ಆಗಿನ್ನೂ ಯಾರೂ ಸರಿಯಾಗಿ ತಿರುಗಿ ನೋಡಿರಲಿಲ್ಲ. 1985ರಲ್ಲಿ ಜಪಾನ್ ಏರ್‌ಲೈನ್ಸ್‌ನ ಜಂಬೋ ಬಿದ್ದು 520 ಜನ ಸತ್ತರು. ಕಾರಣ ಏಳು ವರ್ಷ ಹಿಂದೆ ಅದರ ಹಿಂಬದಿಯ ಒತ್ತಡ ತಡೆಗೋಡೆಗೆ ಮಾಡಿದ ತಪ್ಪು ರಿಪೇರಿ.

ನನ್ನ ತಲೆಮಾರಿನ ಕಣ್ಣು ತೆರೆಸಿದ್ದು ಎರಡು ರಾತ್ರಿ ಪಾಳಿಗಳು. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂಗಾಜು ಆಕಾಶದಲ್ಲಿ ಕಿತ್ತುಹೋಯಿತು. ಅರ್ಧ ದೇಹ ಹೊರಗೆ ಸೆಳೆದುಕೊಂಡುಹೋದ ಕ್ಯಾಪ್ಟನ್‌ನನ್ನು ಸಿಬ್ಬಂದಿ ಹಿಡಿದುಕೊಂಡೇ ಇದ್ದರು, ಅವರು ಬದುಕಿದರು. ಗಾಜಿನ 90 ಬೋಲ್ಟ್‌ಗಳಲ್ಲಿ 84 ಬೋಲ್ಟ್‌ಗಳ ವ್ಯಾಸ 0.026 ಇಂಚು ಕಡಿಮೆಯಿತ್ತು. ಅವನ್ನು ಹಾಕಿದವರು ಅನುಭವಿ, ಆ ಪಾಳಿಯ ಮುಖ್ಯಸ್ಥರೇ. ಜನ ಸಾಲದ್ದರಿಂದ ತಾವೇ ಕೈಹಾಕಿದ್ದರು. ಹಳೆಯ ಬೋಲ್ಟ್‌ನ ಪಕ್ಕ ಹೊಸದನ್ನಿಟ್ಟು ಕಣ್ಣಳತೆಯಲ್ಲೇ ಆರಿಸಿದರು. ಆ ಹಳೆಯ ಬೋಲ್ಟ್ ಕೂಡ ಸರಿಯಾದದ್ದಲ್ಲ! ಇನ್ನೊಬ್ಬರು ಮರುಪರಿಶೀಲಿಸಬೇಕೆಂಬ ನಿಯಮ ಮುಂಗಾಜಿಗೆ ಇರಲೇ ಇಲ್ಲ.

ಮರುವರ್ಷ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನ ಈಗಲ್ ಲೇಕ್ ಬಳಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್‌ನ ಚಿಕ್ಕ ವಿಮಾನ ಬಿತ್ತು, 14 ಜನ ಸತ್ತರು. ಬಾಲದ ಎಡಬದಿಯ 47 ಸ್ಕ್ರೂಗಳನ್ನು ಒಂದು ಪಾಳಿ ಬಿಚ್ಚಿತ್ತು. ಹಾಕಬೇಕೆಂದು ಮುಂದಿನ ಪಾಳಿಗೆ ಯಾರೂ ತಿಳಿಸಿರಲಿಲ್ಲ. ತನಿಖಾ ಮಂಡಳಿಯಲ್ಲಿ ಜಾನ್ ಲಾಬರ್ ಒಬ್ಬರೇ ಭಿನ್ನಮತ ಬರೆದು, ಕಾರಣವನ್ನು ಕಂಪನಿಯ ಆಡಳಿತ ಬೆಳೆಸಿದ, ಅಥವಾ ಬೆಳೆಸದ, ಸಂಸ್ಕೃತಿಯಲ್ಲಿ ಹುಡುಕಬೇಕೆಂದರು. ಈ ಕ್ಷೇತ್ರದ ನಿಜವಾದ ತಿರುವು ಆ ಭಿನ್ನಮತ ಎನ್ನುವುದು ನನ್ನ ಎಣಿಕೆ.

ಅಲ್ಲಿಂದ ಮುಂದಿನ ಹತ್ತು ವರ್ಷ ಫಲವತ್ತಾದ ಕಾಲ. ಆಯಾಸ, ಒತ್ತಡ, ಮಾತಿನ ಕೊರತೆ ಮೊದಲಾದ ಹನ್ನೆರಡು ಕಾರಣಗಳನ್ನು ಗಾರ್ಡನ್ ಡುಪಾಂಟ್ ಕೆನಡಾದಲ್ಲಿ ಪಟ್ಟಿ ಮಾಡಿದರು. 'ಡರ್ಟಿ ಡಜನ್' ಎಂಬ ಆ ಪಟ್ಟಿಯ ಪೋಸ್ಟರ್ ಇಲ್ಲದ ಹ್ಯಾಂಗರ್ ಇಂದು ಸಿಗುವುದು ಕಷ್ಟ. ತಪ್ಪು ಮಾಡಿದವನನ್ನು ಬಯ್ಯುವ ಬದಲು ತಪ್ಪಿಗೆ ಎಡೆಯಾದದ್ದೇನೆಂದು ಕೇಳುವ 'ಮೆಡಾ' ಪದ್ಧತಿಯನ್ನು ಬೋಯಿಂಗ್ ತಂದಿತು. ಎಲ್ಲಕ್ಕಿಂತ ನನಗೆ ಹತ್ತಿರವಾದದ್ದು ಜೇಮ್ಸ್ ರೀಸನ್ ಅವರ ವಿಚಾರ. ಒಂದು ಬೋಲ್ಟ್‌ಗೆ ಗುರುತು ಮಾಡಿದ ಎಂಟು ನಟ್‌ಗಳಿವೆ ಎಂದುಕೊಳ್ಳಿ. ಬಿಚ್ಚಲು ಇರುವುದು ಒಂದೇ ಕ್ರಮ. ಮರಳಿ ಹಾಕುವಾಗ ಕ್ರಮ ತಪ್ಪಲು 40,000ಕ್ಕೂ ಹೆಚ್ಚು ದಾರಿಗಳಿವೆ. ಬಿಚ್ಚುವುದಕ್ಕಿಂತ ಜೋಡಿಸುವುದರಲ್ಲೇ ಅಪಾಯ ಹೆಚ್ಚೆಂದು ನಮ್ಮ ಕೈಗಳಿಗೆ ಗೊತ್ತಿತ್ತು. ಅದಕ್ಕೆ ಮಾತು ಕೊಟ್ಟವರು ಅವರು.

ಆಮೇಲಿನದು ನಿಯಮಗಳ ಕಾಲ. 2013ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಸುರಕ್ಷತಾ ನಿರ್ವಹಣೆಗೆಂದೇ 19ನೇ ಅನುಬಂಧ ತಂದಿತು. ಭಾರತದಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ಅದಕ್ಕೂ ಮೊದಲೇ ಎಸ್‌ಎಂಎಸ್ ಕಡ್ಡಾಯದತ್ತ ಹೆಜ್ಜೆಯಿಟ್ಟಿತ್ತು. ಯುರೋಪು ನಿರ್ವಹಣಾ ಸಂಸ್ಥೆಗಳನ್ನು ಇದರ ವ್ಯಾಪ್ತಿಗೆ ತಂದದ್ದು 2022ರಲ್ಲಿ. ಇವೆಲ್ಲ ಬೇಕಾದವೇ. ಆದರೆ ಲಾಬರ್ ಕೇಳಿದ ಪ್ರಶ್ನೆ ಫೈಲು ಸೇರಿತು. ನಾನಿದ್ದ ಒಂದು ಹ್ಯಾಂಗರಿನಲ್ಲಿ ಕಾಣೆಯಾದ ಸಾಕೆಟ್ ಬಗ್ಗೆ ತಾನಾಗಿಯೇ ಹೇಳಿದ ಹುಡುಗನಿಗೆ ಸಿಕ್ಕಿದ್ದು ಮೆಮೊ. ಆ ತಿಂಗಳ ಸುರಕ್ಷತಾ ಪಟ್ಟಿಯಲ್ಲಿ ಎಲ್ಲ ಚೌಕಗಳೂ ಹಸಿರಾಗಿದ್ದವು. ಆಮೇಲೆ ಅವನು ಏನನ್ನೂ ಹೇಳಲಿಲ್ಲ.

ನಾನು ಇನ್ನೂ ಮುಟ್ಟದ ವಿಷಯವೊಂದಿದೆ. ಬೆಂಗಳೂರಿನಲ್ಲಿ ವಿಮಾನ ನಿರ್ವಹಣೆಯ ಕೆಲಸ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದೆ. ಬೆಳಗಿನ ಜಾವ ಪಾಳಿ ಬದಲಾಗುವಾಗ "ಆ ಕ್ಲಾಂಪ್ ಇನ್ನೂ ಬಿಗಿ ಮಾಡಿಲ್ಲ ಕಣೋ, ನೋಡ್ಕೋ" ಎಂಬ ಮಾತು ಕನ್ನಡದಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ದಾಟುತ್ತದೆ. ಟಾಸ್ಕ್ ಕಾರ್ಡ್ ಮತ್ತು ವರದಿಯ ನಮೂನೆ ಇಂಗ್ಲಿಷಿನಲ್ಲಿರುತ್ತವೆ. ಗುತ್ತಿಗೆಯ ಮೇಲೆ ಬಂದ ಹೆಲ್ಪರ್‌ಗೆ ತಾನು ಕಂಡ ಬಿರುಕನ್ನು ತೋರಿಸಲು ಬರುತ್ತದೆ, ವಾಕ್ಯ ಮಾಡಿ ಬರೆಯಲು ಬರುವುದಿಲ್ಲ. ನನ್ನ ಸೇವಾವಧಿಯಲ್ಲಿ ಕನ್ನಡದಲ್ಲಿ ಬರೆದ ಒಂದೇ ಒಂದು ಅಪಾಯ ವರದಿ ನನ್ನ ಮೇಜಿಗೆ ಬರಲಿಲ್ಲ.