‘ಚೇಂಜ್’ ಎಂಬ ಇಂಗ್ಲಿಷ್ ಧಾತುವೂ ಇಂಡಿ ಸೀಮೆಯ ಹೊಲದ ದಫ್ತರವೂ

ಇಂಗ್ಲಿಷಿನ ‘ಚೇಂಜ್’ ಎಂಬ ಧಾತುವಿಗೆ ಕನ್ನಡದಲ್ಲಿ ಸಮಾನಪದವಾವುದೆಂದು ಕೇಳಿದರೆ ‘ಬದಲಾಯಿಸು’ ಎಂಬ ಉತ್ತರವು ತಡವಿಲ್ಲದೆ ದೊರೆಯುವುದು. ಈ ಉತ್ತರವು ಅರ್ಧಸತ್ಯ. ಅಂಗಿಯನ್ನೂ ಗಾಡಿಯನ್ನೂ ನಾವು ಬದಲಿಸುತ್ತೇವೆ. ಆದರೆ ನೋಟನ್ನು ಮುರಿಸುತ್ತೇವೆ, ಬರೆಹವನ್ನು ತಿದ್ದುತ್ತೇವೆ, ಕಾಯಿದೆಗೆ ತಿದ್ದುಪಡಿ ತರುತ್ತೇವೆ, ಹೊಲವನ್ನು ನಿವೇಶನವಾಗಿ ಪರಿವರ್ತಿಸುತ್ತೇವೆ. ಇಂಗ್ಲಿಷಿನವನಿಗೆ ಇವೆಲ್ಲಕ್ಕೂ ಒಂದೇ ಧಾತು ಸಾಕಾದೀತು. ಈ ಭೇದವು ಕೇವಲ ನಿಘಂಟುಕಾರರ ಕುತೂಹಲದ ವಿಷಯವಲ್ಲ. ಹೊಲದ ದಫ್ತರದಲ್ಲಿ ಅದು ಹಕ್ಕಿನ ಪ್ರಶ್ನೆಯಾಗುವುದು. ಭೀಮಾತೀರದ ಅಗರಖೇಡ ಮತ್ತು ಅದರ ಸುತ್ತಣ ಇಂಡಿ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಇಂಗ್ಲಿಷ್ ಧಾತುವಿನ ಮೂಲ. ಅದು ಪ್ರಾಚೀನ ಫ್ರೆಂಚಿನ ಮೂಲಕ ಬಂದದ್ದು. ಉತ್ತರಕಾಲದ ಲ್ಯಾಟಿನಿನ ‘ಕಾಂಬಿಯಾರೆ’ ಎಂಬುದು ಅದರ ತಾಯಿ. ಆ ಲ್ಯಾಟಿನ್ ಪದಕ್ಕೆ ವಿನಿಮಯ ಮಾಡು, ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳು ಎಂದರ್ಥ. ಒಂದೇ ವಸ್ತು ತನ್ನ ಗುಣವನ್ನು ಕಳೆದುಕೊಂಡು ಬೇರೆಯಾಗುವುದೆಂಬ ಅರ್ಥವು ಅದರ ಮೇಲೆ ಬೆಳೆದದ್ದು. ಚಿಲ್ಲರೆ ಹಣಕ್ಕೂ ಇದೇ ಹೆಸರು ಬಂದುದರ ಮರ್ಮ ಇಲ್ಲಿದೆ.

ಕನ್ನಡದ ದೇಶ್ಯ ಧಾತು ಶಕಟರೇಫದ ‘ಮಾಱು’. ಶಾಸನಗಳಲ್ಲಿ ಭೂಮಿಯನ್ನು ಹಣ ಕೊಟ್ಟು ಪಡೆದ ಸಂದರ್ಭದಲ್ಲಿ ‘ಮಾಱುಗೊಂಡು’ ಎಂಬ ಪ್ರಯೋಗವು ಬರುವುದು. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶವು (1961) ತೋರಿಸುವಂತೆ ತಮಿಳಿನ ಜ್ಞಾತಿಪದಕ್ಕೆ ಬೇರೆಯಾಗು, ವಿನಿಮಯವಾಗು ಎಂಬೆರಡು ಅರ್ಥಗಳೂ ಉಂಟು. ಕನ್ನಡದಲ್ಲಿ ಸರಳ ಧಾತುವು ವಿಕ್ರಯವೆಂಬ ಅರ್ಥಕ್ಕೆ ಸಂಕೋಚಗೊಂಡಿತು. ಬೇರೆಯಾಗುವ ಅರ್ಥವು ‘ಮಾರ್ಪಡು’, ‘ಮಾರುವೇಷ’ ಮುಂತಾದ ಸಮಾಸಗಳಲ್ಲಿ ಉಳಿಯಿತು. ಮಾರ್ದನಿಯಲ್ಲಿ ಹೋದ ದನಿಗೆ ಪ್ರತಿಯಾಗಿ ಬರುವ ದನಿಯಿದೆ. ಅಳತೆಯ ‘ಮಾರು’ ಬೇರೆ ಶಬ್ದ. ಶಕಟರೇಫವು ಲೋಪವಾದುದರಿಂದ ಎರಡೂ ಇಂದು ಒಂದೇ ಬಗೆಯಾಗಿ ಕೇಳುತ್ತವೆ.

‘ಬದಲು’ ಮಾತ್ರ ಹೊರಗಿನಿಂದ ಬಂದದ್ದು. ಅರಬ್ಬಿಯ ‘ಬದಲ್’ ಎಂದರೆ ಒಂದರ ಸ್ಥಾನದಲ್ಲಿ ನಿಂತ ಇನ್ನೊಂದು. ಪಾರಸಿಯ ಮೂಲಕ ದಖ್ಖನಿನ ಭಾಷೆಗಳನ್ನು ಸೇರಿದ ಈ ಪದವು ವಿಜಯಪುರದ ಸೀಮೆಯಲ್ಲಿ ಬಳಕೆಗೆ ಬರಲು ಆದಿಲಶಾಹಿಯ ದಫ್ತರವೂ ಕಾರಣವಾಗಿರಬೇಕೆಂದು ನಮ್ಮ ಊಹೆ. ಒಂದನೆಯ ಇಬ್ರಾಹಿಂ (1534–58) ರಾಜ್ಯದ ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ತಂದನೆಂದು ಫೆರಿಷ್ತಾ ಬರೆದಿದ್ದಾನೆ. ಭಾಷೆ ಹೋಯಿತು, ಪರಿಭಾಷೆ ಉಳಿಯಿತು. ಮುಂಬಯಿ, ಸೊಲ್ಲಾಪುರಗಳ ಗಿರಣಿಗಳಲ್ಲಿ ಗೈರುಹಾಜರಾದವನ ಸ್ಥಾನದಲ್ಲಿ ದುಡಿಯುವವನಿಗೆ ‘ಬದ್ಲಿ’ ಎಂದೇ ಹೆಸರಿತ್ತು. ಮೂಲಾರ್ಥವು ಇಷ್ಟು ಶುದ್ಧವಾಗಿ ಉಳಿದ ಪ್ರಯೋಗ ಅಪರೂಪ.

ಅಗರಖೇಡವೆಂಬ ಹೆಸರಿನಲ್ಲಿಯೇ ಮಾರ್ಪಾಡಿನ ಗುರುತಿದೆ: ‘ಅಗರ’ವು ಅಗ್ರಹಾರದಿಂದಲೂ ‘ಖೇಡ’ವು ಸಂಸ್ಕೃತದ ಖೇಟದಿಂದಲೂ ಬಂದಿರಬೇಕು. ಈ ಸೀಮೆಯ ಒಡೆತನವಂತೂ ಮೇಲಿಂದ ಮೇಲೆ ಬದಲಾಯಿತು. 1686ರಲ್ಲಿ ಮೊಗಲರಿಗೆ, ಬಳಿಕ ನಿಜಾಮನಿಗೆ, 1760ರಲ್ಲಿ ಪೇಶ್ವೆಗಳಿಗೆ, 1818ರಲ್ಲಿ ಸಾತಾರದ ರಾಜನಿಗೆ, 1848ರಲ್ಲಿ ಇಂಗ್ಲಿಷರಿಗೆ. 1864ರಲ್ಲಿ ಕಲಾದಗಿ ಜಿಲ್ಲೆಯೆನಿಸಿದ್ದರ ಮುಖ್ಯ ಠಾಣ್ಯವು 1885ರಲ್ಲಿ ವಿಜಾಪುರಕ್ಕೆ ಬಂದಿತು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. 1973ರಲ್ಲಿ ರಾಜ್ಯದ ಹೆಸರೂ 2014ರಲ್ಲಿ ಜಿಲ್ಲೆಯ ಹೆಸರೂ ಬೇರೆಯಾದವು. ಹೊಲದ ಬದು ಮಾತ್ರ ಇದ್ದಲ್ಲಿಯೇ ಇತ್ತು.

ಮುಂಬಯಿ ಸರಕಾರವು 1903ರ ಕಾಯಿದೆಯಿಂದ ಹಕ್ಕುಪತ್ರದ ದಾಖಲೆಯನ್ನು ಆರಂಭಿಸಿದಾಗ ಒಂದು ಹೆಸರಿನ ಸ್ಥಾನದಲ್ಲಿ ಇನ್ನೊಂದನ್ನು ಬರೆಯುವ ಕ್ರಮಕ್ಕೆ ಮರಾಠಿಯ ‘ಫೇರಫಾರ’ ಎಂಬ ಹೆಸರು ರೂಢಿಯಾಯಿತು. ಕನ್ನಡದ ದಫ್ತರದಲ್ಲಿ ಇದೇ ‘ಖಾತೆ ಬದಲಾವಣೆ’. ಇಲ್ಲಿ ಬದಲಾಗುವುದು ಹೊಲವಲ್ಲ, ಹೆಸರು. ಹೊಲದ ಉಪಯೋಗವೇ ಬೇರೆಯಾದರೆ ಅದು ಹಳೆಯ ಮುಂಬಯಿ ಕರ್ನಾಟಕದ ಜನ ‘ಬಿನ್‌ಶೇತಕಿ’ ಎನ್ನುವ ಪರಿವರ್ತನೆ. 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಅದಕ್ಕೆ ಜಿಲ್ಲಾಧಿಕಾರಿಯ ಅಪ್ಪಣೆ ಬೇಕು. ಬರೆಹದ ದೋಷ ಕಳೆಯುವುದು ತಿದ್ದುಪಡಿ. ಹಕ್ಕೇ ಹಣಕ್ಕೆ ಕೈಬಿಡುವುದು ಮಾರಾಟ.

ಇವುಗಳಲ್ಲಿ ಒಂದನ್ನು ಇನ್ನೊಂದೆಂದು ತಿಳಿದಲ್ಲಿ ಅನರ್ಥವುಂಟಾಗುವುದು. ತಂದೆ ತೀರಿಕೊಂಡ ಮೇಲೆ ಉತಾರದಲ್ಲಿ ಹಿರಿಯ ಮಗನ ಹೆಸರು ಏರುವುದು ವಾಡಿಕೆ. ಹಳೆಯ ಉತಾರಗಳಲ್ಲಿ ಆ ಹೆಸರಿನೊಡನೆ ‘ಏ.ಕು.ಮ್ಯಾ.’ ಎಂಬ ಸಂಕ್ಷೇಪವಿರುವುದುಂಟು. ಏಕತ್ರ ಕುಟುಂಬದ ಮ್ಯಾನೇಜರನೆಂದು ಅದರ ಅರ್ಥ. ಅವನು ತಂದೆಯ ಬದಲು ಎಲ್ಲರ ಪರವಾಗಿ ನಿಂತವನು. ಅರಬ್ಬಿ ಪದದ ಮೂಲಾರ್ಥದಲ್ಲಿಯೇ ‘ಬದಲಿ’. ಸಂಕ್ಷೇಪವು ನಕಲಿನಲ್ಲಿ ಬಿಟ್ಟುಹೋದರೆ ಬದಲಿಯಾಗಿ ನಿಂತವನೇ ಒಡೆಯನೆಂಬ ಭ್ರಮೆಗೆ ಅವಕಾಶವಾಗುವುದು. ತಮ್ಮಂದಿರ, ಅಕ್ಕತಂಗಿಯರ ಪಾಲು ಮಸುಕಾಗುವುದು. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ ದೇಶಾದ್ಯಂತ 2005ರ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳಿಗೆ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನ ಹಕ್ಕು ದೊರೆತ ಮೇಲೆ ಈ ಮೂರಕ್ಷರಗಳ ಬೆಲೆ ಇನ್ನೂ ಹೆಚ್ಚಿದೆ. ಖಾತೆಯ ನೋಂದಣಿಯು ಕಂದಾಯ ವಸೂಲಿಗಾಗಿ ಇರುವುದೇ ಹೊರತು ಒಡೆತನವನ್ನು ಹುಟ್ಟಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಮತ್ತೆ ಮತ್ತೆ ತೀರ್ಪಿತ್ತಿದೆ. ಆದರೂ ‘ಹೊಲ ಅವನ ಹೆಸರಿಗೆ ಆಗೇದ’ ಎಂಬ ಮಾತು ಹಳ್ಳಿಯಲ್ಲಿ ಒಡೆತನದ ಸಾಕ್ಷ್ಯದಂತೆಯೇ ನಡೆಯುತ್ತಿದೆ.

ಇದಕ್ಕೆ ಭಾಷಾಂತರಕಾರರ ಹೊಣೆಯೂ ಸ್ವಲ್ಪ ಉಂಟೆಂದು ನಮ್ಮ ಅಭಿಪ್ರಾಯ. ‘ಬದಲಾವಣೆ’, ‘ಮಾರ್ಪಾಡು’, ‘ಪರಿವರ್ತನೆ’ಗಳನ್ನು ಪರ್ಯಾಯಪದಗಳೆಂಬಂತೆ ಒಂದೇ ಪತ್ರದಲ್ಲಿ ಬೆರಸಿ ಬರೆಯುವುದು ಶೈಲಿಯ ಸೊಗಸೆಂದು ಕೆಲವರು ಬಗೆದಿದ್ದಾರೆ. ಕಥೆಯಲ್ಲಿ ಅದು ಸೊಗಸಾದೀತು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಕೈಬರೆಹದ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಹಿಂದಿನ ಫೇರಫಾರಗಳ ಮೂಲವನ್ನು ಅರಸುವವರು ಆ ಬಳಿಕವೂ ಇಂಡಿಯ ಕಚೇರಿಗೆ ಹೋಗಿ ಹಳೆಯ ವಹಿಗಳ ನಕಲನ್ನೇ ಕೇಳಬೇಕಾಗಿತ್ತು.