ಪಾಟೀಚೀಲದ ತೂಕ ಮತ್ತು ಮಕ್ಕಳ ಸೊಂಟನೋವು

ಶಾಲಾ ಮಕ್ಕಳ ಸೊಂಟನೋವಿನ ಮಾತು ಬಂದರೆ ನಾವು ಮೊದಲು ದೂರುವುದು ಪಾಟೀಚೀಲವನ್ನು. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯ ತಮ್ಮ ಮೊದಲ ಭಾಷಣದಲ್ಲಿ ಎತ್ತಿಕೊಂಡದ್ದು ಈ ಚೀಲದ ಹೊರೆಯನ್ನೇ. 1993ರಲ್ಲಿ ಯಶಪಾಲ್ ಸಮಿತಿ ಮಕ್ಕಳ ಕಲಿಕೆಯ ಹೊರೆಯ ಬಗ್ಗೆ ವರದಿ ಕೊಟ್ಟಿತು. 2019ರಲ್ಲಿ ಕರ್ನಾಟಕ ಸರ್ಕಾರ ಒಂದು, ಎರಡನೇ ತರಗತಿಗೆ 1.5ರಿಂದ 2 ಕಿಲೊ, ಮೂರರಿಂದ ಐದನೇ ತರಗತಿಗೆ 2ರಿಂದ 3 ಕಿಲೊ, ಹೀಗೆ ಮಿತಿ ಹಾಕಿತು. ಮಿತಿ ಬೇಕೇ ಬೇಕು. ಆದರೆ ಚೀಲ ಹಗುರಾದರೆ ನೋವೂ ಹೋಗುತ್ತದೆ ಎನ್ನಲು ಪುರಾವೆ ಸಾಲದು.

69 ಅಧ್ಯಯನಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ವಿಮರ್ಶೆಗೆ, ಚೀಲದಿಂದಲೇ ಬೆನ್ನುನೋವು ಬರುತ್ತದೆಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಚೀಲ ಭಾರವೆನ್ನುವ ಮಕ್ಕಳಲ್ಲಿ ನೋವು ಹೆಚ್ಚು ಕಂಡದ್ದುಂಟು. ಆದರೆ ಮೊದಲೇ ನೋವಿರುವ ಮಗುವಿಗೆ ಹಗುರ ಚೀಲವೂ ಭಾರವೇ. ಇಂಗ್ಲೆಂಡಿನಲ್ಲಿ ಮಕ್ಕಳನ್ನು ಒಂದು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸದಾಗಿ ಸೊಂಟನೋವು ಹೆಚ್ಚು ಕಾಣಿಸಿದ್ದು, ಮೊದಲೇ ತಲೆನೋವು, ಹೊಟ್ಟೆನೋವು ಎನ್ನುತ್ತಿದ್ದವರಲ್ಲಿ ಮತ್ತು ಮನಸ್ಸಿನ, ನಡವಳಿಕೆಯ ತೊಂದರೆಗಳಿದ್ದವರಲ್ಲಿ. ಹೊತ್ತ ಭಾರಕ್ಕೆ ಅಷ್ಟು ಬಲವಾದ ನಂಟು ಕಾಣಲಿಲ್ಲ.

ಇವು ಹೊರದೇಶದ ಲೆಕ್ಕ, ನಮ್ಮ ಮಕ್ಕಳಿಗೆ ಹೇಗೆ ಹೊಂದೀತು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ವಿಜಯಪುರ ನಗರದ ಜೋರಾಪುರ ಪೇಟೆಯಲ್ಲಿ ಮನೆಯ ಹತ್ತಿರದ ಶಾಲೆಗೆ ಹೋಗುವ ಮಗುವೂ, ತಿಕೋಟಾ, ಬಬಲೇಶ್ವರ ಕಡೆ ತೋಟದ ವಸ್ತಿಯಿಂದ ಬಸ್ಸಿನ ರಸ್ತೆಯವರೆಗೆ ನಡೆದು ಬರುವ ಮಗುವೂ ಚೀಲ ಹೊರುವ ಹೊತ್ತು ಒಂದೇ ಅಲ್ಲ. ತರಗತಿವಾರು ಮಿತಿ ಮಗುವಿನ ಮೈತೂಕವನ್ನೂ ನೋಡುವುದಿಲ್ಲ: ನಾಲ್ಕನೇ ತರಗತಿಯ 30 ಕಿಲೊ ಮಗುವಿಗೆ 3 ಕಿಲೊ ಚೀಲ ಹತ್ತನೇ ಒಂದು ಭಾಗ, ಪೌಷ್ಟಿಕತೆಯಿಲ್ಲದೆ 18 ಕಿಲೊ ಇರುವ ಮಗುವಿಗೆ ಆರನೇ ಒಂದು ಭಾಗ. ವಿಜಯಪುರದ ಬಿಸಿಲಿಗೆ ನೀರಿನ ಬಾಟಲಿ ಬಿಡುವಂತಿಲ್ಲ, ತುಂಬಿದ ಒಂದು ಲೀಟರ್ ಬಾಟಲಿಯೇ ಒಂದು ಕಿಲೊ ದಾಟುತ್ತದೆ; ಒಂದನೇ ತರಗತಿಯ ಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯಿತು. ಶಾಲೆಯಲ್ಲಿ ಕುಡಿಯುವ ನೀರಿನ ನಲ್ಲಿ ಇದ್ದರೆ ಯಾವ ಸುತ್ತೋಲೆಗಿಂತಲೂ ಬೇಗ ಚೀಲ ಇಳಿದೀತು.

ಹಾಗಾದರೆ ಭಾರ ಹೊರಿಸಬಹುದೇ? ಖಂಡಿತ ಕೂಡದು, ನೋವಿಗೆ ಕಾರಣವಾಗದಿದ್ದರೂ ದಣಿವು ದಣಿವೇ. ಆದರೆ ಚೀಲ ತೂಗಿದಷ್ಟೇ ಆಸ್ಥೆಯಿಂದ ಮಗುವನ್ನು ವಿಚಾರಿಸಬೇಕು: ಎಷ್ಟು ಹೊತ್ತು ಕೂತೇ ಇರುತ್ತದೆ, ಆಡಲು ಬಿಡುವಿದೆಯೇ, ನಿದ್ದೆ ಹೇಗಿದೆ, ಯಾವುದಕ್ಕೆ ಹೆದರುತ್ತಿದೆ. ಸೊಂಟನೋವಿನ ಜೊತೆ ಜ್ವರ, ತೂಕ ಇಳಿಯುವುದು, ರಾತ್ರಿ ಎಚ್ಚರಿಸುವ ನೋವು, ಕಾಲಿನಲ್ಲಿ ಬಲವಿಲ್ಲದಿರುವುದು ಕಂಡರೆ ಚೀಲವನ್ನು ದೂರುತ್ತ ಕೂರಬಾರದು. ಬೆನ್ನುಮೂಳೆಯ ಕ್ಷಯ ನಮ್ಮ ನಾಡಿನಲ್ಲಿ ಇನ್ನೂ ಇದೆ. ಅಂಥ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.