ಕಾನೂನು ಬದಲಾದರೆ ಹಳೆಯ ಶಿಕ್ಷೆ ಇಳಿಯುವುದೇ?

ಚಿಕ್ಕಮಗಳೂರು: ಮೂಡಿಗೆರೆಯ ಅಥವಾ ಕಳಸದ ತೋಟವೊಂದರ ಕಣದಲ್ಲಿ ಹರವಿದ ಕಾಫಿಯಿಂದ ಎಂಟು ಕಿಲೋ ಕಳುವಾಯಿತೆಂದು ಭಾವಿಸೋಣ. 2024ರ ಜೂನ್ 30ರವರೆಗೆ ಕಳ್ಳನಿಗೆ ಭಾರತೀಯ ದಂಡ ಸಂಹಿತೆಯ 379ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದಿತ್ತು. ಮರುದಿನ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಬೇರೆ ಮಾತು ಹೇಳುತ್ತದೆ. ಮಾಲಿನ ಬೆಲೆ 5000 ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧಿಗೆ ಅದು ಮೊದಲ ಶಿಕ್ಷೆಯಾಗಿದ್ದು, ಮಾಲನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ.

ಕಾಫಿ ನಾಡಿನಲ್ಲಿ ಈ ಮಿತಿ ಬಲು ಇಕ್ಕಟ್ಟಿನದು. 2025ರ ಆರಂಭದಲ್ಲಿ 50 ಕಿಲೋ ಅರೇಬಿಕಾ ಪಾರ್ಚ್‌ಮೆಂಟ್ ಚೀಲದ ದರ 20 ಸಾವಿರ ರೂಪಾಯಿ ದಾಟಿತ್ತು. ಆ ದರದಲ್ಲಿ 13 ಕಿಲೋ ಕದ್ದರೂ ರಿಯಾಯಿತಿ ಇಲ್ಲ. ಇನ್ನೂ ಒಂದು ತೊಡಕಿದೆ. ಲೈನ್ ಮನೆಯಲ್ಲಿರುವ ಕಾಯಂ ಆಳು ಧಣಿಯ ಮಾಲನ್ನು ಕದ್ದರೆ ಅದು ನೌಕರನ ಕಳವು. 306ನೇ ಕಲಮಿನಡಿ ಏಳು ವರ್ಷದವರೆಗೆ ಸೆರೆವಾಸ. ಅಲ್ಲಿ ಸಮುದಾಯ ಸೇವೆಯ ಮಾತೇ ಇಲ್ಲ. ಹೊರಗಿನ ಕಳ್ಳನಿಗೆ ದೊರೆತ ಮೃದುತ್ವ ತೋಟದ ಕೂಲಿಗೆ ದೊರೆಯಲಿಲ್ಲ.

ಹೊಸ ಸಂಹಿತೆಗೆ ಮುನ್ನ ಕದ್ದವನ ಗತಿಯೇನು? ಅಪರಾಧ ನಡೆದಾಗ ಇದ್ದುದಕ್ಕಿಂತ ಹೆಚ್ಚಿನ ಶಿಕ್ಷೆಯನ್ನು ಸಂವಿಧಾನದ 20(1)ನೇ ವಿಧಿ ನಿಷೇಧಿಸುತ್ತದೆ. ಕಡಿಮೆ ಶಿಕ್ಷೆಯನ್ನು ನಿಷೇಧಿಸುವುದಿಲ್ಲ. ಹೊಸ ಸಂಹಿತೆಯ 358ನೇ ಕಲಮು ಹಳೆಯ ಅಪರಾಧಗಳನ್ನು ಹಳೆಯ ಕಾನೂನಿಗೇ ಬಿಟ್ಟಿದೆ. ಆದರೂ 1964ರ ರತ್ತನ್ ಲಾಲ್ ಪ್ರಕರಣದಲ್ಲಿ, ಶಿಕ್ಷೆಯಾದ ನಂತರ ಆ ಪ್ರದೇಶದಲ್ಲಿ ಜಾರಿಗೆ ಬಂದ ಪ್ರೊಬೇಷನ್ ಕಾಯ್ದೆಯ ಲಾಭವನ್ನು 16 ವರ್ಷದ ಬಾಲಕನಿಗೆ ಮೇಲ್ಮನವಿಯಲ್ಲಿ ನೀಡಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು. 1982ರ ಟಿ. ಬಾರಾಯಿ ಪ್ರಕರಣದಲ್ಲಿ, ಆಹಾರ ಕಲಬೆರಕೆಗೆ ಇಳಿಸಿದ ಶಿಕ್ಷೆಯ ಲಾಭ ಹಳೆಯ ಆರೋಪಿಗೂ ಸಲ್ಲುತ್ತದೆಂದಿತು. ಶಾಸಕಾಂಗವೇ ಶಿಕ್ಷೆ ಅತಿಯಾಯಿತೆಂದು ಒಪ್ಪಿದ ಮೇಲೆ, ಇನ್ನೂ ಇತ್ಯರ್ಥವಾಗದ ಪ್ರಕರಣವನ್ನು ಹಳೆಯ ಅಳತೆಯಿಂದಲೇ ಅಳೆಯುವುದು ಸಮಂಜಸವೆನಿಸದು. ಹಾಗೆಂದು ಇದು ಹಕ್ಕಲ್ಲ. ಮಾದಕ ವಸ್ತು ಕಾಯ್ದೆಯ 2001ರ ತಿದ್ದುಪಡಿ ವಿಚಾರಣೆಯಲ್ಲಿದ್ದ ಪ್ರಕರಣಗಳಿಗೆ ಅನ್ವಯಿಸಿತು, ಮೇಲ್ಮನವಿಗಳನ್ನು ಹೊರಗಿಟ್ಟಿತು. ಆ ಗೆರೆಯನ್ನು 2004ರ ಬಶೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ತೀರ್ಪು ಅಂತಿಮವಾಗಿದ್ದರೆ, ಕಾನೂನು ಬದಲಾದ ಮಾತ್ರಕ್ಕೆ ನ್ಯಾಯಾಲಯ ಶಿಕ್ಷೆಯನ್ನು ಮತ್ತೆ ತೆರೆಯದು. ಉಳಿಯುವುದು ಸರ್ಕಾರದ ಮಾಫಿ ಅಧಿಕಾರ ಹಾಗೂ ರಾಜ್ಯಪಾಲರ 161ನೇ ವಿಧಿಯ ಅಧಿಕಾರ.

ವಿಚಾರಣಾಧೀನ ಕೈದಿಗಳ ವಿಷಯ ಭಿನ್ನ. ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆಂದೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಹಿಂದೆ ಅರ್ಧ ಕಳೆಯಬೇಕಿತ್ತು. ಹಳೆಯ ಪ್ರಕರಣಗಳಿಗೂ ಇದು ಅನ್ವಯವೆಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ನೌಕರನ ಕಳವಿನ ಆರೋಪ ಹೊತ್ತ ಆಳಿಗೆ 42 ತಿಂಗಳ ಅವಧಿ 28ಕ್ಕೆ ಇಳಿದಂತಾಯಿತು. ಮರಣದಂಡನೆ ಅಥವಾ ಜೀವಾವಧಿಗೆ ಅರ್ಹವಾದ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿರುವವರಿಗೆ ಈ ಅವಕಾಶವಿಲ್ಲ. ಅವಧಿ ತುಂಬಿದೊಡನೆ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸುವ ಹೊಣೆ ಕಾರಾಗೃಹದ ಅಧೀಕ್ಷಕರದೇ. ಕೈದಿಯ ಮನೆಯವರು ವಕೀಲರನ್ನು ಹುಡುಕುವವರೆಗೆ ಅವರು ಕಾಯುವಂತಿಲ್ಲ.